ಮಂಗಳದ ಹವಾಮಾನ ಮಾದರಿ: ಧ್ರುವದ ಹಿಮ ಆವಿಯಾದರೆ ತಾಪಮಾನ ವಿಪರೀತ ಏರುತ್ತಿದೆ

ಪ್ರಶ್ನೆ:
ಮಂಗಳವನ್ನು ಜೀವಯೋಗ್ಯವಾಗಿಸಬಹುದೇ ಎಂದು ಪರೀಕ್ಷಿಸಲು ಪೈಥಾನ್‌ನಲ್ಲಿ ಸರಳ ಶಕ್ತಿ ಸಮತೋಲನ ಮಾದರಿಯೊಂದನ್ನು ಬರೆದಿದ್ದೇನೆ. ಸೌರವಿಕಿರಣ ಚದರ ಮೀಟರಿಗೆ 590 ವ್ಯಾಟ್, ಆಲ್ಬೆಡೊ (ಗ್ರಹ ಪ್ರತಿಫಲಿಸುವ ಬೆಳಕಿನ ಪಾಲು) 0.25 ಎಂದು ಕೊಟ್ಟರೆ ವಾತಾವರಣವಿಲ್ಲದ ಸ್ಥಿತಿಗೆ 210 ಕೆಲ್ವಿನ್ ಬರುತ್ತದೆ, ಅಲ್ಲಿಯವರೆಗೆ ಸರಿಯಿದೆ. ಆದರೆ ಎರಡೂ ಧ್ರುವಗಳ ಹಿಮವನ್ನು ಆವಿಯಾಗಿಸಿದ ಕೂಡಲೇ ಒತ್ತಡ 6ರಿಂದ 1,100 ಮಿಲಿಬಾರ್‌ಗೆ ಜಿಗಿದು, ಸರಾಸರಿ ತಾಪಮಾನ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಸಿರುಮನೆ ಪರಿಣಾಮದ ಸಮೀಕರಣದಲ್ಲಿ ದೋಷವಿರಬಹುದೇ?

ಉತ್ತರ 1:
ಸಮೀಕರಣಕ್ಕೆ ಕೈ ಹಾಕುವ ಮೊದಲು ದಾಸ್ತಾನಿನ ಲೆಕ್ಕ, ಅಂದರೆ ಹಿಮದಲ್ಲಿ ಎಷ್ಟು ಅನಿಲವಿದೆ ಎಂಬುದನ್ನು ನೋಡಿ. ಧ್ರುವಗಳ ಹಿಮರಾಶಿಯ ಇಡೀ ಗಾತ್ರವನ್ನು ಘನಮೀಟರಿಗೆ 1,600 ಕಿಲೋಗ್ರಾಂನಂತೆ, ಅಂದರೆ ಒಣ ಮಂಜುಗಡ್ಡೆಯ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್‌ನ) ಸಾಂದ್ರತೆಯಿಂದ, ಗುಣಿಸಿ ಒತ್ತಡಕ್ಕೆ ಪರಿವರ್ತಿಸಿದರೆ ಹೆಚ್ಚುಕಡಿಮೆ ನಿಮ್ಮ 1,100 ಮಿಲಿಬಾರ್ ಬರುತ್ತದೆ. ವಾಸ್ತವದಲ್ಲಿ ಆ ರಾಶಿಯ ಬಹುಪಾಲು ನೀರಿನ ಮಂಜುಗಡ್ಡೆ. (ಚಿತ್ರದಲ್ಲಿ ಎರಡೂ ಬೆಳ್ಳಗೇ ಕಾಣುವುದರಿಂದ ಈ ಎಡವಟ್ಟು ಸಾಮಾನ್ಯ.) ಉತ್ತರ ಧ್ರುವದಲ್ಲಿ ಚಳಿಗಾಲಕ್ಕೆ ಕೂಡುವ ಇಂಗಾಲದ ಡೈಆಕ್ಸೈಡ್ ಪದರ ವಸಂತದಲ್ಲಿ ತಾನಾಗಿಯೇ ಗಾಳಿಗೆ ಮರಳುತ್ತದೆ. ದಕ್ಷಿಣದಲ್ಲಿ ಮೇಲ್ಪದರ ಕೆಲವೇ ಮೀಟರ್ ದಪ್ಪವಿದ್ದು, ಅದರಡಿ ಹೂತಿರುವ ಸಂಗ್ರಹವನ್ನು ಸೇರಿಸಿಕೊಂಡರೂ ಈಗಿನ ವಾತಾವರಣ ಸುಮಾರು ಇಮ್ಮಡಿಯಾಗುತ್ತದೆ, ಅಷ್ಟೆ.

ಪ್ರಶ್ನೆ ಕೇಳಿದವರು:
ಅದೇ ತಪ್ಪಾಗಿತ್ತು, ಧನ್ಯವಾದಗಳು. ಈಗ ಒತ್ತಡ 12 ಮಿಲಿಬಾರ್‌ಗೆ ನಿಲ್ಲುತ್ತದೆ, ತಾಪಮಾನ ಕೆಲವೇ ಡಿಗ್ರಿ ಏರುತ್ತದೆ. ಮಣ್ಣು ಮತ್ತು ಬಂಡೆಗಳಲ್ಲಿರುವ ಅನಿಲವನ್ನೂ ಸೇರಿಸಬೇಕೇ?

ಉತ್ತರ 2:
ಸೇರಿಸಿ, ಆದರೆ ಹೆಚ್ಚು ನಿರೀಕ್ಷಿಸಬೇಡಿ. ವಿಜ್ಞಾನಿಗಳಾದ ಬ್ರೂಸ್ ಜಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರಲ್ಲಿ ಇಂಥ ಎಲ್ಲ ಮೂಲಗಳನ್ನು ಕೂಡಿಸಿ, ಕೈಗೆಟುಕುವ ಅನಿಲದಿಂದ 20 ಮಿಲಿಬಾರ್ ಆಸುಪಾಸಿನ ಒತ್ತಡವನ್ನಷ್ಟೇ ಪಡೆಯಬಹುದು, ಅದರಿಂದಾಗುವ ತಾಪಮಾನದ ಏರಿಕೆ 10 ಡಿಗ್ರಿಯನ್ನೂ ಮುಟ್ಟದು ಎಂದು ಲೆಕ್ಕ ಹಾಕಿದ್ದಾರೆ. ಪುರಾತನ ವಾತಾವರಣದ ದೊಡ್ಡ ಪಾಲು ಬಾಹ್ಯಾಕಾಶಕ್ಕೆ ಸೋರಿಹೋಗಿದೆಯೆಂದು ಮಂಗಳದ ವಾತಾವರಣವನ್ನು ಅಧ್ಯಯನ ಮಾಡಿದ ನಾಸಾದ ಮೇವನ್ ನೌಕೆಯ ಅಳತೆಗಳು ತೋರಿಸಿವೆ. ಅದನ್ನು ಯಾವ ಬಿಸಿಯೂ ಮರಳಿ ತರಲಾರದು. ನಿಮ್ಮ ಮಾದರಿಯಲ್ಲಿ ದ್ರವರೂಪದ ನೀರಿಗೆ ತಾಪಮಾನದ ಷರತ್ತೊಂದೇ ಇದ್ದರೆ ಒತ್ತಡದ ಷರತ್ತನ್ನೂ ಹಾಕಿ: 12 ಮಿಲಿಬಾರ್‌ನಲ್ಲಿ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ.

ಇಡೀ ಗ್ರಹವನ್ನು ಬಿಟ್ಟು ಒಂದು ತುಂಡು ನೆಲವನ್ನು ಬಿಸಿಮಾಡುವ ದಾರಿ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. 2 ರಿಂದ 3 ಸೆಂಟಿಮೀಟರ್ ದಪ್ಪದ ಸಿಲಿಕಾ ಏರೋಜೆಲ್ (ಶಾಖವನ್ನು ತಡೆಯುವ, ಅತಿ ಹಗುರ ರಂಧ್ರಮಯ ವಸ್ತು) ಹೊದಿಕೆ ಬೆಳಕನ್ನು ಒಳಬಿಟ್ಟು, ನೇರಳಾತೀತ ಕಿರಣಗಳನ್ನು ತಡೆದು, ಅಡಿಯ ನೆಲವನ್ನು 50 ಡಿಗ್ರಿಗೂ ಮಿಗಿಲಾಗಿ ಬಿಸಿಮಾಡಬಲ್ಲದೆಂದು 2019ರ ಅಧ್ಯಯನವೊಂದು ತೋರಿಸಿದೆ. ಅದನ್ನು ಪರೀಕ್ಷಿಸಬೇಕಾದರೆ ಗ್ರಹದ ಸರಾಸರಿಯನ್ನು ಕೈಬಿಟ್ಟು ಮಾದರಿಯನ್ನು ಅಕ್ಷಾಂಶದ ಪಟ್ಟಿಗಳಾಗಿ ವಿಂಗಡಿಸಿ, ಹೊದಿಕೆಯ ಶಾಖವಾಹಕತೆಯನ್ನು ಪ್ರತ್ಯೇಕ ಚರಾಂಶವಾಗಿ ಕೊಡಿ.