ಕಿಲುಬು ಒಂದೇ ಪದ ಸಾಲುತ್ತಾ? ಹಳೇ ತಾಮ್ರದ ಕಾಸಿನ ಬಣ್ಣಕ್ಕೆ ಏನಂತೀರಿ?

ಗೆಳೆಯರೇ,

ಹಳೇ ತಾಮ್ರದ ನಾಣ್ಯಗಳ ಮೇಲೆ ವರ್ಷಗಳು ಉರುಳಿದ ಹಾಗೆ ಕೂರುವ ಕಂದು ಬಣ್ಣದ ತೆಳು ಪದರ ಇದೆಯಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ? ನಾಣ್ಯ ಕೂಡಿಸುವವರ ಬಾಯಲ್ಲಿ ಈಗ ಇರುವುದು "ಪಟೀನಾ". ಬೆಳ್ಳಿ ನಾಣ್ಯವಾದರೆ "ಟೋನಿಂಗ್". ಕನ್ನಡದಲ್ಲೇ ಹೇಳಿ ಅಂದರೆ ಎಲ್ಲರೂ ತಟ್ಟನೆ "ಕಿಲುಬು" ಅಂದುಬಿಡುತ್ತಾರೆ. ಇದು ಸರಿಯಿಲ್ಲ ಅನ್ನುವುದು ನನ್ನ ಅನಿಸಿಕೆ. ಸರಿಯಿಲ್ಲ ಅಷ್ಟೇ ಅಲ್ಲ, ಈ ಒಂದು ಪದದ ದೆಸೆಯಿಂದ ಒಳ್ಳೊಳ್ಳೆ ನಾಣ್ಯಗಳು ಹಾಳಾಗುತ್ತಿವೆ.

ಕಿಲುಬು ನಮಗೆಲ್ಲ ಗೊತ್ತಿರುವುದು ಅಡುಗೆಮನೆಯಿಂದ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಿಡುತ್ತದೆ. ಅಂಥ ಸಾರು, ಅಂಥ ಮಜ್ಜಿಗೆ ಯಾರೂ ಕುಡಿಯುವುದಿಲ್ಲ, ಮೂಸಿ ನೋಡಿ ಚೆಲ್ಲುತ್ತಾರೆ. ಹಾಗಾಗಿ ಕಿಲುಬು ಅಂದ ಕೂಡಲೇ "ಉಜ್ಜು, ತೆಗೆ, ಚೆಲ್ಲು" ಅನ್ನುವುದೂ ಜೊತೆಗೇ ಬಂದುಬಿಡುತ್ತದೆ. ತಮಿಳಿನ ಕಳಿಂಬು, ತೆಲುಗಿನ ಚಿಲುಮು ಇದರ ಅಕ್ಕತಂಗಿಯರೇ. ಅಲ್ಲೂ ಅದಕ್ಕೆ ಒಳ್ಳೇ ಹೆಸರಿಲ್ಲ. ತಮಿಳಿನ ಶೈವ ಸಿದ್ಧಾಂತದವರಂತೂ ಜೀವಕ್ಕೆ ಅಂಟಿರುವ ಆಣವ ಮಲವನ್ನು, ಅಂದರೆ "ನಾನು" ಅನ್ನುವ ಕೊಳೆಯನ್ನು, ತಾಮ್ರದ ಕಳಿಂಬಿಗೇ ಹೋಲಿಸುತ್ತಾರೆ. ಕನ್ನಡದಲ್ಲೂ ಮನಸ್ಸಿನ ಕಿಲುಬು ತೊಳೆಯಬೇಕು ಅನ್ನುತ್ತೇವೆ, ಅಲ್ವಾ? ಅಷ್ಟು ಹಳೆಯ ದೂರು ಈ ಪದದ ಮೇಲೆ.

ಇನ್ನು ಇದರ ಎದುರು ಪದ ನೋಡಿ, ಬೆಳಗು. ದೀಪ ಬೆಳಗುತ್ತೇವೆ, ಪಾತ್ರೆ ಬೆಳಗುತ್ತೇವೆ, ಮನೆ ಬೆಳಗಲಿ ಅಂತ ಹರಸುತ್ತೇವೆ. ಕನ್ನಡದಲ್ಲಿ ಬೆಳಗುವುದು ಯಾವತ್ತೂ ಒಳ್ಳೇ ಕೆಲಸ. ಅದಕ್ಕೇ ನಾಣ್ಯ ಮಾರುವವನು ಕಿಲುಬು ತೆಗೆದು ಬೆಳಗಿ ಕೊಟ್ಟರೆ ತಾನು ಉಪಕಾರ ಮಾಡಿದೆ ಅಂದುಕೊಳ್ಳುತ್ತಾನೆ. ಅವನ ತಪ್ಪಲ್ಲ, ಅವನಾಡುವ ಭಾಷೆ ಅವನಿಗೆ ಹಾಗೆ ಹೇಳಿಕೊಟ್ಟಿದೆ.

ಬೆಂಗಳೂರಿನ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಭಾನುವಾರ ಬೆಳಿಗ್ಗೆ ಹೋದವರಿಗೆ ಗೊತ್ತಿರುತ್ತದೆ. ಸಂಡೆ ಬಜಾರಿನಲ್ಲಿ ಟಾರ್ಪಾಲಿನ ಮೇಲೆ ಹಳೇ ಬೀಗ, ವಾಚು, ಹಿತ್ತಾಳೆ ನಲ್ಲಿ, ಚಾರ್ಜರ್ ವೈರು ಎಲ್ಲದರ ನಡುವೆ ಒಂದು ತಟ್ಟೆಯಲ್ಲಿ ನಾಣ್ಯಗಳನ್ನು ರಾಶಿ ಹಾಕಿರುತ್ತಾರೆ. ಮುಕ್ಕಾಲು ಪಾಲು ಅಲ್ಯೂಮಿನಿಯಂ ಪೈಸೆಗಳು: ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಂಚು ಅಲೆಅಲೆಯಾಗಿರುವ ಹತ್ತು ಪೈಸೆ. ಅವುಗಳಿಗೆ ಕಿಲುಬಿನ ಗೊಡವೆಯೇ ಇಲ್ಲ. ಕೆದಕುತ್ತಾ ಹೋದರೆ 1968ರಿಂದ 1971ರವರೆಗೆ ಬಂದ ತಾವರೆ ಹೂವಿನ ಹಳದಿ ಇಪ್ಪತ್ತು ಪೈಸೆ ಸಿಗುತ್ತದೆ. ಇನ್ನೂ ಕೆದಕಿದರೆ ಜಾರ್ಜ್ ದೊರೆಯ ಕಾಲದ ಕಾಲಾಣೆ, ಯುದ್ಧದ ಕಾಲದಲ್ಲಿ ಲೋಹ ಉಳಿಸಲಿಕ್ಕೆ ಅಂತ 1943ರಿಂದ ಹೊರಡಿಸಿದ ತೂತು ಕಾಸು. ಅದೃಷ್ಟ ಚೆನ್ನಾಗಿದ್ದ ದಿನ ತಳದಲ್ಲಿ ಟಿಪ್ಪು ಕಾಲದ ಆನೆ ಪೈಸೆ.

ಹೋದ ತಿಂಗಳು ಅಂಥದ್ದೊಂದು ಕಂಡಿತು. ದೂರದಿಂದಲೇ ಕಂಡಿತು, ಯಾಕೆಂದರೆ ಅದು ಹೊಸ ತಾಮ್ರದ ತಂಬಿಗೆಯ ಥರ ಹೊಳೆಯುತ್ತಿತ್ತು. ಕೈಗೆ ತೆಗೆದುಕೊಂಡು ನೋಡಿದರೆ ಆನೆಯ ಬೆನ್ನು, ಹೊಟ್ಟೆ ಎಲ್ಲ ಒಂದೇ ನುಣುಪು. ಸೊಂಡಿಲು ಎಲ್ಲಿ ಮುಗಿಯುತ್ತದೆ ಗೊತ್ತಾಗುತ್ತಿರಲಿಲ್ಲ. ಕಾಲುಗಳ ಸಂದಿಯಲ್ಲಿ ಮಾತ್ರ ಹುಣಸೆಹಣ್ಣಿನ ಸಿಪ್ಪೆಯ ಚೂರು ಒಣಗಿ ಅಂಟಿತ್ತು. "ಕಿಲುಬೆಲ್ಲ ತೆಗ್ದು ಇಟ್ಟಿದೀನಿ ಸಾರ್, ಹೊಸದರ ಥರ ಮಾಡಿದೀನಿ" ಅಂದರು ಅಂಗಡಿಯವರು. ಅವರ ದನಿಯಲ್ಲಿ ನಿಜವಾದ ಹೆಮ್ಮೆ ಇತ್ತು. ಅದೇ ತಟ್ಟೆಯಲ್ಲಿ ಅವರ ಕೈ ಬೀಳದೆ ಉಳಿದಿದ್ದ ಇನ್ನೊಂದು ಆನೆ ಪೈಸೆಯೂ ಇತ್ತು. ಅದು ತೀರಾ ಸವೆದದ್ದು, ಆದರೆ ಗಾಢ ಕಂದು ಬಣ್ಣ. ಉಬ್ಬಿದ ಕಡೆ ಕಂದು ಸ್ವಲ್ಪ ತಿಳಿ, ತಗ್ಗಿನಲ್ಲಿ ಕಪ್ಪಿಗೆ ಹತ್ತಿರ. ಹಾಗಾಗಿ ಆನೆ ಪೂರ್ತಿ ಎದ್ದು ಕಾಣುತ್ತಿತ್ತು, ಬಾಲದ ತುದಿಯವರೆಗೂ. ಟಿಪ್ಪುವೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷದ ಅಂಕಿಯನ್ನೂ ಓದಬಹುದಿತ್ತು. (ಟಿಪ್ಪು ನಾಣ್ಯಗಳಲ್ಲಿ ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು 1218 ಇದ್ದದ್ದನ್ನು 8121 ಅಂತ ಓದಿ ತಲೆ ಕೆಡಿಸಿಕೊಳ್ಳುತ್ತಾರೆ.) ಬೆಲೆ ಕೇಳಿದರೆ ಹೊಳೆಯುವುದಕ್ಕೆ ಜಾಸ್ತಿ, ಕಂದಿನದಕ್ಕೆ ಕಮ್ಮಿ. "ಅದು ಕಿಲುಬು ಹಿಡಿದಿದೆ, ಬೇಕಾದ್ರೆ ಹಾಗೇ ತಗೊಳ್ಳಿ" ಅಂದರು.

ಇಲ್ಲೇ ನನಗೆ ಕನ್ನಡದ ಪದ ಬೇಕಾದದ್ದು. ಆ ಕಂದು ಪದರ ಕಿಲುಬಲ್ಲ ಅಂತ ಅವರಿಗೆ ಹೇಳಬೇಕಿತ್ತು. ಹಾಗಾದರೆ ಏನು ಅಂತ ಕೇಳಿದರೆ ಕೊಡಲಿಕ್ಕೆ ನನ್ನ ಹತ್ತಿರ ಒಂದು ಪದ ಇರಬೇಕಿತ್ತು. "ಪಟೀನಾ" ಅಂದರೆ ಅವರಿಗೆ ಅದು ಯಾವುದೋ ಕಂಪನಿ ಹೆಸರು.

ವಿಷಯ ಏನೆಂದರೆ ತಾಮ್ರದ ಮೇಲೆ ಆಗುವ ಬದಲಾವಣೆ ಒಂದೇ ಥರದ್ದಲ್ಲ. ಗಾಳಿಯಲ್ಲಿರುವ ಆಮ್ಲಜನಕ ತಾಮ್ರದ ಜೊತೆ ಸೇರಿ ಮೊದಲು ಕಂದು ಪದರ ಕೂರುತ್ತದೆ. ಅದು ಗಟ್ಟಿ, ಕೈಗೆ ಹತ್ತುವುದಿಲ್ಲ, ಒಳಗಿನ ಲೋಹವನ್ನು ಕಾಪಾಡುತ್ತದೆ. ಮಣ್ಣಲ್ಲಿ ಬಹಳ ಕಾಲ ಹೂತಿದ್ದ ನಾಣ್ಯಕ್ಕೆ ನುಣ್ಣನೆಯ ಕಡು ಹಸಿರು ಪದರ ಬರುತ್ತದೆ. ಅದೂ ಗಟ್ಟಿ, ಅದೂ ಹಾನಿ ಮಾಡುವುದಿಲ್ಲ. ಮೂರನೆಯದು ತಿಳಿ ಹಸಿರು ಪುಡಿ. ಉಪ್ಪಿನಂಶ ಸೇರಿದಾಗ ಬರುವುದು ಇದು. ಉಗುರಿನಲ್ಲಿ ಕೆರೆದರೆ ಉದುರುತ್ತದೆ, ಮಳೆಗಾಲದ ತೇವಕ್ಕೆ ಮತ್ತೆ ಏಳುತ್ತದೆ, ಒಳಗೆ ಗುಳಿ ಬೀಳಿಸುತ್ತಾ ನಾಣ್ಯವನ್ನೇ ತಿನ್ನುತ್ತದೆ. ಇದು ನಿಜವಾದ ಶತ್ರು. ಇವೆಲ್ಲದರ ಮೇಲೆ ಈಗ ನಾಲ್ಕನೆಯ ಹಸಿರೂ ಬಂದಿದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್‌ನಲ್ಲಿ ಇಟ್ಟ ನಾಣ್ಯದ ಮೇಲೆ ಜಿನುಗುವ ಅಂಟಂಟು ಹಸಿರು ಅದು. ತಾಮ್ರಕ್ಕಷ್ಟೇ ಅಲ್ಲ, ತಾಮ್ರ ಬೆರೆತ ಬೆಳ್ಳಿಗೂ ಬರುತ್ತದೆ.

ಈ ನಾಲ್ಕಕ್ಕೂ ನಾವು ಕಿಲುಬು ಅಂತಲೇ ಅಂದರೆ, ಔಷಧಿಯೂ ನಾಲ್ಕಕ್ಕೂ ಒಂದೇ ಆಗುತ್ತದೆ: ಹುಣಸೆಹಣ್ಣು, ಇಲ್ಲವೇ ನಿಂಬೆಹಣ್ಣು. ಹುಣಸೆಯ ಹುಳಿ ಕಂದು ಪದರವನ್ನು ಕರಗಿಸಿಬಿಡುತ್ತದೆ, ಕೆಳಗಿನ ಬೆತ್ತಲೆ ತಾಮ್ರ ಕೆಂಪಗೆ ಕಾಣುತ್ತದೆ. ಅದರ ಮೇಲೆ ಬೂದಿಯಲ್ಲೋ ನಾರಿನಲ್ಲೋ ಉಜ್ಜಿದರೆ ಸಣ್ಣ ಸಣ್ಣ ಗೀರು ಬೀಳುತ್ತವೆ. ಕೆಲವೇ ತಿಂಗಳಲ್ಲಿ ಮತ್ತೆ ಕಪ್ಪಾಗುತ್ತದೆ, ಆದರೆ ತೇಪೆ ತೇಪೆಯಾಗಿ. ಎರಡು ನೂರು ವರ್ಷ ಹಿಡಿದ ಬಣ್ಣ ಮತ್ತೆ ನಮ್ಮ ಕಾಲಕ್ಕೆ ಬರುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿ "ಮೈಲಿ ಕಾಸು" ಅಂತ ಕನ್ನಡ ಅಕ್ಷರ ಇರುತ್ತದೆ, ಅದೇ ನಾಣ್ಯದಲ್ಲಿ ಇಂಗ್ಲಿಷಿನಲ್ಲೂ ಬೆಲೆ ಬರೆದಿರುತ್ತದೆ. ನಮ್ಮ ಲಿಪಿ ಇರುವ ನಾಣ್ಯ ಅದು. ಆ ಪುಟ್ಟ ಅಕ್ಷರಗಳು ಓದಲಿಕ್ಕೆ ಸಿಗುವುದೇ ತಗ್ಗಿನಲ್ಲಿ ಕಪ್ಪು ಉಳಿದಿದ್ದರೆ. ಬೆಳಗಿದ ಮೈಲಿ ಕಾಸು ಕೈಗೆ ಬಂದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಡೆಯಿಂದಲೂ ಈ ಪದ ಮೋಸ ಮಾಡುತ್ತದೆ. "ಕಿಲುಬು ಇದ್ದರೆ ಹಳೇದು" ಅನ್ನುವ ನಂಬಿಕೆ. ರಾಮ, ಸೀತೆ, ಆಂಜನೇಯ ಇರುವ, 1818 ಅಂತ ಇಸವಿ ಹಾಕಿದ "ಈಸ್ಟ್ ಇಂಡಿಯಾ ಕಂಪನಿ" ಬಿಲ್ಲೆಗಳನ್ನು ನೀವೂ ನೋಡಿರುತ್ತೀರಿ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಇಡೀ ಬ್ರಿಟಿಷ್ ಆಳ್ವಿಕೆಯ ಪ್ರದೇಶಕ್ಕೆ ಒಂದೇ ಥರದ ನಾಣ್ಯ ಬಂದದ್ದೇ 1835ರಲ್ಲಿ. ಈ ಬಿಲ್ಲೆಗಳಿಗೆ ಬೇಕೆಂದೇ ಹಸಿರು ಬರಿಸಿರುತ್ತಾರೆ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ ಅಂತ ಲಕ್ಷಗಟ್ಟಲೆ ದುಡ್ಡು ಕೀಳುವುದು ಇಂಥವನ್ನೇ ತೋರಿಸಿ. ಅಂದರೆ ಒಂದೇ ಟಾರ್ಪಾಲಿನ ಮೇಲೆ ಅಸಲಿ ಆನೆ ಪೈಸೆಯ ಬಣ್ಣ ಕಿತ್ತು ಇಟ್ಟಿರುತ್ತಾರೆ, ನಿನ್ನೆ ಮೊನ್ನೆಯ ಬಿಲ್ಲೆಗೆ ಬಣ್ಣ ಹತ್ತಿಸಿ ಇಟ್ಟಿರುತ್ತಾರೆ.

ಸರಿ, ಬದಲಿ ಪದ ಯಾವುದು? ನಾನು ಯೋಚಿಸಿದವನ್ನು ಹೇಳುತ್ತೇನೆ, ನೀವು ತೂಗಿ ನೋಡಿ.

ತುಕ್ಕು ಬೇಡ, ಅದು ಕಬ್ಬಿಣದ್ದು. ಕಿಟ್ಟವೂ ಕಬ್ಬಿಣದ ಕಡೆಯದೇ. "ಕರೆ" ಹತ್ತಿರ ಬರುತ್ತದೆ, ಕರೆಗಟ್ಟಿದ ನಾಣ್ಯ ಅನ್ನಬಹುದು, ಆದರೆ ಕರೆಯೂ ಕಲೆಯೇ ತಾನೇ, ತೊಳೆಯಬೇಕು ಅನಿಸುತ್ತದೆ. ಮಾಸಲು ಅಂದರೆ ಬಟ್ಟೆ ನೆನಪಾಗುತ್ತದೆ. "ಪದರ" ತಪ್ಪಲ್ಲ, ಆದರೆ ಅದರಲ್ಲಿ ಕಾಲದ ಸುಳಿವೇ ಇಲ್ಲ, ಬಣ್ಣ ಬಳಿದರೂ ಪದರವೇ.

ನನ್ನ ಮನಸ್ಸು ಇರುವುದು "ಮಾಗು" ಮೇಲೆ. ಹಣ್ಣು ಮಾಗುತ್ತದೆ, ದನಿ ಮಾಗುತ್ತದೆ, ಮನುಷ್ಯ ಮಾಗುತ್ತಾನೆ. ತಾನಾಗಿ, ನಿಧಾನವಾಗಿ, ಕಾಲದಿಂದ ಆಗುವುದು, ಆಗುವುದು ಒಳ್ಳೆಯದಕ್ಕೆ. ಈ ನಾಲ್ಕೂ ಅರ್ಥ ನಮಗೆ ಬೇಕು. "ಮಾಗಿದ ತಾಮ್ರ" ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಸರುಪದ ಬೇಕಾದಾಗ "ಮಾಗುಬಣ್ಣ" ಅನ್ನೋಣ, ಸುಡುಬಿಸಿಲು ಅನ್ನುವ ಹಾಗೆ. "ಮಾಗಿಬಣ್ಣ" ಬೇಡ, ಚಳಿಗಾಲದ ಮಾಗಿ ಅಡ್ಡ ಬರುತ್ತದೆ. ಇದರಲ್ಲಿ ಇನ್ನೊಂದು ಅನುಕೂಲ, ಯಾವ ಬಣ್ಣ ಅಂತ ಹೇಳದೆ ಇರುವುದರಿಂದ ಬೆಳ್ಳಿಗೂ ಹೊಂದುತ್ತದೆ. ಗಾಳಿಯ ಗಂಧಕದಿಂದ ಬೂದು, ನೀಲಿ, ಕಪ್ಪಾಗುವ ವಿಕ್ಟೋರಿಯಾ ರಾಣಿ ರೂಪಾಯಿಗೂ ಮಾಗುಬಣ್ಣ ಅನ್ನಬಹುದು. ಹುಟ್ಟಿಸಿದ ಹಸಿರಿಗೆ "ಹುಸಿ ಮಾಗು" ಅನ್ನಬಹುದು, ಬಲಿಯದ ಕಾಯಿಯನ್ನು ಹೊಗೆ ಹಾಕಿ ಹಣ್ಣು ಮಾಡುವವರು ಇದ್ದೇ ಇದ್ದಾರಲ್ಲ.

ಕಿಲುಬನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಉದುರುವ ತಿಳಿ ಹಸಿರು ಪುಡಿಗೆ ಅದು ಅಚ್ಚುಕಟ್ಟಾದ ಪದ, ಅಲ್ಲಿ "ತೆಗೆ" ಅನ್ನುವ ಅರ್ಥವೂ ಸರಿಯೇ. ಪ್ಲಾಸ್ಟಿಕ್ಕಿನದಕ್ಕೆ "ಹಸಿರು ಜಿಡ್ಡು" ಸಾಕು. "ಬೆಳಗಿದ" ಅನ್ನುವುದನ್ನೂ ನಾಣ್ಯದ ವಿಷಯದಲ್ಲಿ ಒಂದು ಕೊರತೆ ಅಂತಲೇ ಬಳಸಲಿಕ್ಕೆ ಶುರು ಮಾಡೋಣ. ಮಾರುವಾಗ "ಬೆಳಗಿದ್ದು" ಅಂತ ಬರೆದರೆ ಬೆಲೆ ಇಳಿಯಬೇಕು.

ಬೇರೆ ಕೆಲವು ಪದಗಳು ಸಂತೆಯಲ್ಲಿ ಚೆನ್ನಾಗಿಯೇ ನಡೆಯುತ್ತಿವೆ, ಅವುಗಳನ್ನು ಇಂಗ್ಲಿಷಿಗೆ ಬಿಟ್ಟುಕೊಡುವುದು ಬೇಡ. ಸವಕಲು ಅಂತೂ ಎಲ್ಲರಿಗೂ ಗೊತ್ತು. ಕಾಸಿನ ಸರದಿಂದ ಬಿಡಿಸಿದ ನಾಣ್ಯದ ಅಂಚಿನಲ್ಲಿ ಉಳಿಯುವ ಗುರುತಿಗೆ "ಬೆಸುಗೆ ಕಲೆ" ಅಂತಾರೆ, ಎಷ್ಟು ಸ್ಪಷ್ಟ ನೋಡಿ. ಆದರೆ "ತೂತು ಕಾಸು" ಮತ್ತು "ತೂತು ಹಾಕಿದ ಕಾಸು" ಬೇರೆ ಬೇರೆ ಅನ್ನುವುದನ್ನು ಬರೆಯುವಾಗ ಗಮನಿಸಿ. ಮೊದಲನೆಯದು ಟಂಕಸಾಲೆಯಲ್ಲೇ ತೂತಿನ ಜೊತೆ ಹುಟ್ಟಿದ್ದು, ಎರಡನೆಯದು ಯಾರದೋ ಕೊರಳಿಗೆ ಅಂತ ಆಮೇಲೆ ಕೊರೆದದ್ದು.

ಈಗ ನಿಮ್ಮಿಂದ ಬೇಕಾದದ್ದು. ಕಲಬುರಗಿ, ರಾಯಚೂರು, ಬೀದರ ಕಡೆಯವರು ಹೇಳಿ, ನಿಮ್ಮ ಸಂತೆಗಳಲ್ಲಿ ನಿಜಾಮರ ಚಾರ್‌ಮಿನಾರ್ ನಾಣ್ಯ, "ಹಾಲಿ ಸಿಕ್ಕಾ" ಅನ್ನುವ ಹೈದರಾಬಾದ್ ಸಂಸ್ಥಾನದ ನಾಣ್ಯ ಮಾರುವವರು ಈ ಬಣ್ಣಕ್ಕೆ ಏನಂತಾರೆ? ಕರಾವಳಿಯಲ್ಲಿ ಉಪ್ಪು ಗಾಳಿ ಜಾಸ್ತಿ, ಕಿಲುಬೂ ಜಾಸ್ತಿ, ಅಲ್ಲಿ ಬಗೆಬಗೆಯ ಹಸಿರಿಗೆ ಬೇರೆ ಬೇರೆ ಹೆಸರು ಇದೆಯಾ? ನಾಗಮಂಗಲದಲ್ಲಿ ವಿಗ್ರಹ ಎರಕ ಹೊಯ್ಯುವವರ, ತಾಮ್ರ ಹಿತ್ತಾಳೆ ಪಾತ್ರೆಯ ಕಸುಬಿನ ಬೋಗಾರರ, ಕಂಚುಗಾರರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹಿರಿಯರನ್ನು ಕೇಳಿ ಬರೆಯಿರಿ. ಅವರ ಬಾಯಲ್ಲಿ ಪದ ಈಗಾಗಲೇ ಇದ್ದರೆ ನನ್ನ ಮಾಗುಬಣ್ಣ ಬೇಡವೇ ಬೇಡ, ಅದನ್ನೇ ಬಳಸೋಣ. ಬರೆಯುವಾಗ ಪದ ಯಾವ ಊರಿನದು, ತಾಮ್ರಕ್ಕೆ ಮಾತ್ರವಾ ಹಿತ್ತಾಳೆ ಕಂಚಿಗೂ ಹೇಳುತ್ತಾರಾ, ಬಳಸುವ ಒಂದು ಮಾತು ಹೇಗಿರುತ್ತದೆ, ಇಷ್ಟನ್ನು ಸೇರಿಸಿದರೆ ಉಪಕಾರವಾಗುತ್ತದೆ.