ಎಂಬಿಬಿಎಸ್ ಮೊದಲ ವರ್ಷ: ನಮ್ಮದೇ ಕಾಲೇಜಿನ ಸೈಕಿಯಾಟ್ರಿ ಒಪಿಡಿಗೆ ಹೋಗಬಹುದಾ?

ಹಾಸ್ಟೆಲ್ ಹುಡುಗ:
ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ ಓದಿದವನು ನಾನು. ಅನಾಟಮಿ ಇಂಟರ್ನಲ್ಸ್‌ನಲ್ಲಿ ಫೇಲ್ ಆದೆ. ತೊಂದರೆ ಬರೀ ಅದಲ್ಲ. ಒಂದು ತಿಂಗಳಿಂದ ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಮೆಸ್ಸಿನಲ್ಲಿ ತಟ್ಟೆ ಮುಂದೆ ಸುಮ್ನೆ ಕೂತಿರುತ್ತೇನೆ. ಬ್ರೇಕಿಯಲ್ ಪ್ಲೆಕ್ಸಸ್‌ನ (ತೋಳಿನ ನರಗಳ ಜಾಲ) ಅದೇ ಪುಟ ಎಷ್ಟು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಅಪ್ಪ ಫೋನ್ ಮಾಡಿದಾಗಲೆಲ್ಲ "ಏನ್ರೀ ಡಾಕ್ಟ್ರೇ" ಅನ್ನುತ್ತಾರೆ. ಈಗ ಅವರ ಫೋನ್ ಎತ್ತುವುದಕ್ಕೂ ಆಗುತ್ತಿಲ್ಲ.
ಒಪಿಡಿಗೆ ಹೋದರೆ ಮೇಷ್ಟ್ರಿಗೆ, ಮನೆಗೆ ಗೊತ್ತಾಗುತ್ತಾ? ಮುಂದೆ ಡಾಕ್ಟರ್ ಆಗಿ ರಿಜಿಸ್ಟ್ರೇಷನ್ ಮಾಡಿಸಲು ಅಡ್ಡಿ ಆಗುತ್ತಾ?

ಸೈಕಿಯಾಟ್ರಿ ಪಿಜಿ:
ತಮ್ಮ, ಮೊದಲು ಒಂದು ಮಾತು ನೇರವಾಗಿ ಕೇಳುತ್ತೇನೆ: ಸಾಯಬೇಕು ಅನ್ನಿಸುತ್ತಿದೆಯಾ? ಅನ್ನಿಸಿದರೆ ಒಬ್ಬನೇ ಇರಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಕರೆ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.
ನೀನು ಹೇಳಿದ್ದೆಲ್ಲ ಖಿನ್ನತೆಯ ಲಕ್ಷಣದಂತಿದೆ, ಸೋಮಾರಿತನ ಅಲ್ಲ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಕೊಟ್ಟ ವರದಿ ನೋಡು. ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 27.8ರಷ್ಟು ಮಂದಿ ತಮಗೆ ಮಾನಸಿಕ ತೊಂದರೆ ಇದೆ ಎಂದಿದ್ದಾರೆ. ನಿನ್ನ ಬ್ಯಾಚಿನಲ್ಲೂ ಬಾಯಿ ಬಿಡದವರು ಇರುತ್ತಾರೆ.
2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಮಾತ್ರ ಬೇರೆ. ಆದರೂ ಪರಿಚಯದವರು ನೋಡುತ್ತಾರೆ ಅನ್ನೋ ಸಂಕೋಚ ಇದ್ದರೆ ಜಿಲ್ಲಾಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗು. ರಿಜಿಸ್ಟ್ರೇಷನ್ ಭಯ ಬೇಡ. ಹೌಸ್ ಸರ್ಜನ್ ಆಗಿದ್ದಾಗ ನಾನೂ ಖಿನ್ನತೆಗೆ ಮಾತ್ರೆ ತಗೊಂಡಿದ್ದೆ. ಮಾತ್ರೆ ಬರೆದುಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನೀನೇ ನಿಲ್ಲಿಸಬೇಡ.

ಫೈನಲ್ ಇಯರ್:
ನಾನೂ ಕನ್ನಡ ಮೀಡಿಯಂ. ಫಸ್ಟ್ ಇಯರ್‌ನಲ್ಲಿ ಫಿಸಿಯಾಲಜಿ ಸಪ್ಲಿಮೆಂಟರಿ ಬರೆದೇ ಪಾಸಾದೆ. ರೂಮ್‌ಮೇಟ್ ಹತ್ತಿರ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಹೇಳಿಸಿಕೊಂಡು ಓದುತ್ತಿದ್ದೆ. ಆದರೆ ಮೊದಲು ನಿದ್ದೆ ಸರಿಹೋಗಲಿ, ಓದು ಆಮೇಲೆ.

ಹಾಸ್ಟೆಲ್ ಹುಡುಗ:
ಅಕ್ಕ, ಸಾಯುವ ಯೋಚನೆ ಬಂದಿಲ್ಲ. ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸುತ್ತದೆ. ನಾಳೆ ಜಿಲ್ಲಾಸ್ಪತ್ರೆಗೆ ಹೋಗುತ್ತೇನೆ. ಅಲ್ಲಿ ಮಾತು ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ.

ಸೈಕಿಯಾಟ್ರಿ ಪಿಜಿ:
ಇಲ್ಲಿ ಬರೆದಿದ್ದನ್ನೇ ತೋರಿಸು, ಸಾಕು. ಸಾಯುವ ಯೋಚನೆ ಯಾವತ್ತಾದರೂ ಬಂದರೆ ಅದನ್ನೂ ಮುಚ್ಚಿಡದೆ ಹೇಳು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು.