ತಳದಲ್ಲಿ ‘517-30, ಡಬ್ಲ್ಯೂ. ಜರ್ಮನಿ’: ಯಾರ ಹೂದಾನಿ?

ಪ್ರಶ್ನೆ: ನನ್ನ ಸೆರಾಮಿಕ್ ಹೂದಾನಿಯ ತಳದಲ್ಲಿ ಕಂಪನಿಯ ಹೆಸರಿಲ್ಲ, ಈ ಅಚ್ಚು ಮಾತ್ರ ಇದೆ. ಕಿತ್ತಳೆ ಗ್ಲೇಜ್ (ಗಾಜಿನಂಥ ಹೊರಲೇಪ) ಮೇಲೆ ನೊರೆಯಂತೆ ಉಬ್ಬಿದ ಕಪ್ಪು ಪಟ್ಟಿ. ಜೊತೆಗೆ ಬಂದ ಗಾಜಿನ ಹೂದಾನಿಯ ಒಳಗೆ ಬಿಳಿ ಮಬ್ಬು, ಹೋಗುತ್ತದೆಯೇ?

ಉತ್ತರ 1: 517 ಆಕಾರದ ಸಂಖ್ಯೆ, 30 ಎತ್ತರ, ಸೆಂ.ಮೀ.ನಲ್ಲಿ. ಅಳೆದು ನೋಡಿ. ಇದು ಪಶ್ಚಿಮ ಜರ್ಮನಿಯ ಸೆರಾಮಿಕ್ ಕಾರ್ಖಾನೆ ಶಾಯ್ರಿಶ್‌ನ ರೂಢಿ. ಅಲ್ಲಿನದೇ ಇನ್ನೊಂದು ಕಂಪನಿ ಬೇ ಕೆರಾಮಿಕ್‌ನವರೂ ಆಕಾರ, ಎತ್ತರ ಎರಡನ್ನೂ ಒತ್ತುತ್ತಿದ್ದರು, ಹಾಗಾಗಿ ಸಂಖ್ಯೆಯೊಂದನ್ನೇ ನಂಬಬೇಡಿ. ಗ್ಲೇಜ್ ತಾಗದ ತಳದಲ್ಲಿ ಮಣ್ಣು ಬಿಳಿಯಾಗಿದ್ದರೆ ಶಾಯ್ರಿಶ್‌ಗೆ ಹೊಂದುತ್ತದೆ. ‘ಡಬ್ಲ್ಯೂ. ಜರ್ಮನಿ’ ಅಂದರೆ ಪಶ್ಚಿಮ ಜರ್ಮನಿ, ಆ ದೇಶದ ಹೆಸರಿನಿಂದ 1949–90 ಎನ್ನಬಹುದು. ನೊರೆಯಂತೆ ಉಬ್ಬಿದ ಆ ಲಾವಾ ಗ್ಲೇಜ್ ನೋಡಿದರೆ 1960–70ರ ದಶಕ.

ಉತ್ತರ 2: ಗಾಜಿಗೆ ಬಿಳಿ ವಿನೆಗರ್, ನೀರು ಸಮಪಾಲು ತುಂಬಿ ರಾತ್ರಿಯಿಡೀ ಬಿಡಿ. ಸುಣ್ಣದ ಕಲೆಯಾದರೆ ಕರಗುತ್ತದೆ. ಆಮೇಲೂ ಮಬ್ಬು ಒದ್ದೆಯಾದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಗಾಜಿನ ಮೇಲ್ಮೈಯೇ ಸವೆದಿದೆ, ತೊಳೆದರೆ ಹೋಗದು. ಕೊಳ್ಳುವಾಗ ಒಣಗಿಸಿಯೇ ನೋಡಿ. ಸೆರಾಮಿಕ್‌ಗೆ ಮಾತ್ರ ವಿನೆಗರ್ ಖಂಡಿತ ಬೇಡ, ಆಮ್ಲ ಗ್ಲೇಜ್‌ನ ಹೊಳಪು ತಿನ್ನಬಹುದು.

ಉತ್ತರ 3: ಪಟ್ಟಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಲಾವಾ ಪಟ್ಟಿಯ ಮೇಲೆ ಮೆಲ್ಲಗೆ ಬೆರಳಾಡಿಸಿ. ಕುಲುಮೆಯಲ್ಲೇ ಒಡೆದ ಗುಳ್ಳೆಯ ಅಂಚು ಕರಗಿ ದುಂಡಗಿರುತ್ತದೆ. ಆಮೇಲೆ ಚಕ್ಕೆ ಎದ್ದಿದ್ದರೆ ಅಂಚು ಚೂಪು, ಒಳಗೆ ಬಿಳಿ ಮಣ್ಣು ಇಣುಕುತ್ತದೆ.